ಮಣಿಗಿಂತ ಮೊದಲು ದಾರ: ಮನೆಯಲ್ಲೇ ಸರ, ಕಡಗ, ಓಲೆ ಮಾಡುವವರು ಯಾವುದನ್ನು ಆರಿಸಬೇಕು?

ಮಣಿ ಅಂಗಡಿಗೆ ಕಾಲಿಟ್ಟವರ ಕಣ್ಣು ನೇರ ಬಣ್ಣದ ಮೇಲೆ ಬೀಳುತ್ತದೆ. ಬೆಂಗಳೂರಿನ ಚಿಕ್ಕಪೇಟೆಯ ಓಣಿಯಾಗಲಿ, ನಿಮ್ಮೂರ ಫ್ಯಾನ್ಸಿ ಸ್ಟೋರಾಗಲಿ, ಗೋಡೆ ತುಂಬ ನೇತುಹಾಕಿದ ಎಳೆಗಳಲ್ಲಿ ಅರ್ಧ ಗಂಟೆ ಕಳೆದು, ನಾಲ್ಕು ಎಳೆ ಆರಿಸಿ, ಬಿಲ್ ಮಾಡಿಸುವ ಹೊತ್ತಿಗೆ ನೆನಪಾಗಿ "ಹಾಗೇ ಒಂದು ದಾರಾನೂ ಹಾಕಿಬಿಡಿ" ಅನ್ನುತ್ತೇವೆ. ಅಂಗಡಿಯವರು ಕೈಗೆ ಸಿಕ್ಕ ಉಂಡೆಯನ್ನು ಕವರಿಗೆ ಹಾಕುತ್ತಾರೆ. ಆಮೇಲೆ ಯಾರದೋ ಮದುವೆ ಊಟದ ಪಂಕ್ತಿಯಲ್ಲಿ ಸರ ಹರಿದು ಮಣಿಗಳೆಲ್ಲ ಎಲೆ ಕೆಳಗೆ ಸೇರಿದಾಗ "ಅಯ್ಯೋ, ಮಣಿ ಸರಿಯಿರಲಿಲ್ಲ" ಎಂದು ಮಣಿಯನ್ನೇ ದೂರುತ್ತೇವೆ. ಮಣಿ ತಾನಾಗಿ ಕೆಡುವುದು ಅಪರೂಪ. ಹರಿಯುವುದು ದಾರ, ಬಿಚ್ಚಿಕೊಳ್ಳುವುದು ಕೊಂಡಿ.

ಅದಕ್ಕೇ ಈ ಹೋಲಿಕೆಯನ್ನು ದಾರದಿಂದ ಶುರುಮಾಡುತ್ತಿದ್ದೇನೆ. ಮಣಿಯ ಸರದಿ ಆಮೇಲೆ. ಯಾವ ದಾರ ಬೇಕೆಂದು ಗೊತ್ತಾದರೆ ಯಾವ ಮಣಿ ಕೊಳ್ಳಬಹುದು, ಯಾವುದನ್ನು ಅಲ್ಲೇ ಬಿಟ್ಟು ಬರಬೇಕು ಎಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ದಾರ ಆರಿಸುವ ಮುನ್ನ

ಮೂರು ವಿಷಯ ನೋಡಿಕೊಳ್ಳಿ. ಒಡವೆ ಎಲ್ಲಿಗೆ: ಕೈಗೋ, ಕೊರಳಿಗೋ, ಕಿವಿಗೋ? ಮಣಿ ಎಷ್ಟು ಭಾರ? ಮೂರನೆಯದನ್ನು ಯಾರೂ ನೋಡುವುದಿಲ್ಲ: ತೂತಿನ ಅಂಚು ನಯವಾಗಿದೆಯೋ, ಹರಿತವಾಗಿದೆಯೋ?

ಇದನ್ನು ಪರೀಕ್ಷಿಸುವುದು ಸುಲಭ. ಒಂದು ಮಣಿಗೆ ಮಾಮೂಲಿ ಹೊಲಿಗೆ ದಾರ ಪೋಣಿಸಿ, ದಾರದ ಎರಡೂ ತುದಿ ಎಳೆದು ಹಿಡಿದು, ಮಣಿಯನ್ನು ಅದರ ಮೇಲೆ ಒಂದು ನಿಮಿಷ ಹಿಂದೆ ಮುಂದೆ ಉಜ್ಜಿ. ದಾರ ಹಾಗೇ ಇದ್ದರೆ ಅಂಚು ನಯವಾಗಿದೆ. ಜುಂಗು ಎದ್ದರೆ ಅಥವಾ ತುಂಡಾದರೆ ಆ ಮಣಿ ಒಳಗಿನಿಂದ ಗರಗಸದ ಕೆಲಸ ಮಾಡುತ್ತದೆ ಎಂದರ್ಥ. ಮುಖ ಕೊರೆದ ಕ್ರಿಸ್ಟಲ್ ಮಣಿ, ಕೊಳವೆಯಾಕಾರದ ಪೈಪ್ ಮಣಿ, ಅಗ್ಗದ ಲೋಹದ ಮಣಿಗಳಲ್ಲಿ ಈ ತೊಂದರೆ ಹೆಚ್ಚು. ಪೈಪ್ ಮಣಿಯಂತೂ ಗಾಜಿನ ಕೊಳವೆಯನ್ನು ಕತ್ತರಿಸಿದ ತುಂಡು, ಅಂಚು ಹರಿತವಾಗಿರದೆ ಇನ್ನೇನು? ಅದರ ಎರಡು ಬದಿಗೂ ಒಂದೊಂದು ಸಣ್ಣ ದುಂಡು ಮಣಿ ಹಾಕಿದರೆ ದಾರ ಉಳಿಯುತ್ತದೆ.

ಎಲಾಸ್ಟಿಕ್: ಕೈಗೆ ಸರಿ, ಕೊರಳಿಗೆ ಬೇಡ

ಹೊಸಬರು ಮೊದಲು ಕೊಳ್ಳುವುದು ಇದನ್ನೇ. ಕೊಕ್ಕೆ ಬೇಡ, ಇಕ್ಕಳ ಬೇಡ, ಗಂಟು ಹಾಕಿದರೆ ಬ್ರೇಸ್ಲೆಟ್ ಸಿದ್ಧ. 6ರಿಂದ 8 ಮಿ.ಮೀ. ಮಣಿಗೆ 0.7 ಅಥವಾ 0.8 ಮಿ.ಮೀ. ದಪ್ಪದ್ದು ಸಾಕು. ಪೋಣಿಸುವ ಮುಂಚೆ ದಾರವನ್ನು ನಾಲ್ಕೈದು ಸಲ ಚೆನ್ನಾಗಿ ಎಳೆದು ಬಿಡಿ. ಹೊಸ ಎಲಾಸ್ಟಿಕ್ ಹೇಗೂ ಸ್ವಲ್ಪ ಸಡಿಲವಾಗುತ್ತದೆ, ಆ ಸಡಿಲ ಮೊದಲೇ ಬಂದುಬಿಡಲಿ. ಇಲ್ಲವಾದರೆ ವಾರದೊಳಗೆ ಮಣಿಗಳ ನಡುವೆ ದಾರ ಇಣುಕುತ್ತದೆ.

ಗಂಟಿನ ಮೇಲೆ ಸೂಪರ್ ಗ್ಲೂ ಹಾಕುವ ಅಭ್ಯಾಸ ಬಹಳ ಜನರಿಗಿದೆ. ಅದು ಒಣಗಿದಾಗ ಗಾಜಿನ ಹಾಗೆ ಗಡುಸಾಗುತ್ತದೆ, ಎಲಾಸ್ಟಿಕ್ ಮಾತ್ರ ಹಿಗ್ಗುತ್ತಲೇ ಇರಬೇಕು. ಹಾಗಾಗಿ ಗಂಟಿನ ಪಕ್ಕದಲ್ಲೇ ಪಟ್ಟನೆ ತುಂಡಾಗುತ್ತದೆ. ಒಡವೆ ಕೆಲಸಕ್ಕೆಂದೇ ಬರುವ, ಒಣಗಿದ ಮೇಲೂ ಬಾಗುವ ಗೋಂದು ಬಳಸಿ. ಮಾಮೂಲಿ ಗಂಟಿನಲ್ಲಿ ಒಂದು ಸುತ್ತು ಇರುವ ಕಡೆ ಎರಡು ಸುತ್ತು ಹಾಕಿ ಬಿಗಿದು, ಗಂಟನ್ನು ದೊಡ್ಡ ತೂತಿನ ಮಣಿಯೊಳಗೆ ಎಳೆದುಕೊಳ್ಳಿ.

ಎಷ್ಟೇ ಜಾಗ್ರತೆ ಮಾಡಿದರೂ ಬೆವರು, ಸೆಂಟು, ಬಿಸಿಲಿಗೆ ಎಲಾಸ್ಟಿಕ್ ಸೊರಗುತ್ತದೆ. ದಿನಾ ಹಾಕಿಕೊಳ್ಳುವ ಬ್ರೇಸ್ಲೆಟ್ಟನ್ನು ಆಗಾಗ ಹೊಸದಾಗಿ ಪೋಣಿಸಿಕೊಳ್ಳಲೇಬೇಕು ಎಂದುಕೊಂಡು ಮಾಡಿದರೆ ಬೇಜಾರಿಲ್ಲ. ಕೊರಳಿಗೆ ಮಾತ್ರ ಎಲಾಸ್ಟಿಕ್ ಹಾಕಬೇಡಿ. ಮಣಿಯ ಭಾರಕ್ಕೆ ಸರ ಜೋತು ಬೀಳುತ್ತಾ ಹೋಗುತ್ತದೆ.

ಗೇರ್ ವೈರ್: ಸರ ಮಾಡುವವರ ಮೊದಲ ಆಯ್ಕೆ

ನಮ್ಮ ಅಂಗಡಿಗಳಲ್ಲಿ ಗೇರ್ ವೈರ್ ಅಂತಲೇ ಕೇಳಿ. ಸ್ಟೇನ್‌ಲೆಸ್ ಸ್ಟೀಲಿನ ಅತಿ ಸಣ್ಣ ಎಳೆಗಳನ್ನು ಒಟ್ಟಿಗೆ ಹೊಸೆದು, ಮೇಲೆ ನೈಲಾನಿನ ಹೊದಿಕೆ ಕೊಟ್ಟಿರುತ್ತಾರೆ. ಒಳಗೆ 7 ಎಳೆ, 19 ಎಳೆ, 49 ಎಳೆ ಇರುವ ತರಹೆಗಳಿವೆ. ದಪ್ಪ ಒಂದೇ ಇದ್ದರೂ ಎಳೆ ಹೆಚ್ಚಿದಷ್ಟೂ ವೈರ್ ಮೆತ್ತಗೆ, ಬೆಲೆಯೂ ಜಾಸ್ತಿ. 7 ಎಳೆಯದು ಗಡುಸು. ಅದರಲ್ಲಿ ಮಾಡಿದ ಸರ ಕೊರಳಿನ ಇಳಿಜಾರಿಗೆ ಕೂರದೆ ಬಳೆಯಂತೆ ಸೆಟೆದು ನಿಲ್ಲುತ್ತದೆ, ಒಮ್ಮೆ ಮಡಿಚಿತೆಂದರೆ ಆ ಮಡಿಕೆ ಜನ್ಮಕ್ಕೂ ಹೋಗದು. 49 ಎಳೆಯದು ಬಹುಪಾಲು ದಾರದಂತೆಯೇ ಇಳಿಬೀಳುತ್ತದೆ.

ಅಗ್ಗದ ಉರುಳೆಗಳ ಮೇಲೆ ಎಳೆಯ ಲೆಕ್ಕ ಬರೆದಿರುವುದಿಲ್ಲ. ಒಂದು ಗೇಣು ಬಿಚ್ಚಿ ಬೆರಳಿಗೆ ಸುತ್ತಿ ಬಿಡಿ. ಸುರುಳಿ ಹಾಗೇ ನಿಂತರೆ ಎಳೆ ಕಡಿಮೆ, ಮೆಲ್ಲಗೆ ನೆಟ್ಟಗಾದರೆ ಎಳೆ ಹೆಚ್ಚು. ದಪ್ಪ 0.38 ಮಿ.ಮೀ. ಇದ್ದರೆ ಹೆಚ್ಚಿನ ಗಾಜಿನ ಮಣಿಗೆ ಹೊಂದುತ್ತದೆ. ಭಾರದ ಕಲ್ಲಿನ ಮಣಿಗೆ 0.45 ತೆಗೆದುಕೊಳ್ಳಿ.

ಇದಕ್ಕೆ ಗಂಟು ನಿಲ್ಲದು. ಗೇರ್ ಲಾಕ್ ಎಂಬ ಸಾಸಿವೆ ಗಾತ್ರದ ಲೋಹದ ಉಂಗುರವನ್ನು ಒತ್ತಿ ಬಿಗಿಯಬೇಕು. ಸರದ ಆಯಸ್ಸೆಲ್ಲ ಇರುವುದು ಈ ಒತ್ತುವಿಕೆಯಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವೈರಿನ ತುದಿಗೆ ಮೊದಲು ಗೇರ್ ಲಾಕ್ ಹಾಕಿ, ಆಮೇಲೆ ಕೊಕ್ಕೆಯ ಬಳೆಯೊಳಗೆ ದಾಟಿಸಿ. ಅದೇ ತುದಿಯನ್ನು ತಿರುಗಿಸಿ ಗೇರ್ ಲಾಕಿನೊಳಗೆ ವಾಪಸು ತನ್ನಿ, ಅಲ್ಲಿಂದ ಪಕ್ಕದ ಮೂರು ನಾಲ್ಕು ಮಣಿಗಳೊಳಕ್ಕೂ ನುಗ್ಗಿಸಿ. ಈಗ ಗೇರ್ ಲಾಕಿನೊಳಗೆ ಎರಡು ವೈರ್‌ಗಳಿವೆ. ಅವು ಅಕ್ಕಪಕ್ಕ ಮಲಗಿರಬೇಕು, ಒಂದರ ಮೇಲೊಂದು ಅಡ್ಡ ಬಿದ್ದಿರಬಾರದು. ಅಡ್ಡ ಬಿದ್ದಿದ್ದರೆ ಇಕ್ಕಳ ಒತ್ತಿದಾಗ ಒಂದು ವೈರ್ ಇನ್ನೊಂದನ್ನು ಕಡಿದುಹಾಕುತ್ತದೆ. ಚಪ್ಪಟೆ ಮೂತಿಯ ಇಕ್ಕಳದಿಂದ ಒತ್ತಿ, ಕೊಕ್ಕೆಯನ್ನು ಒಂದು ಕೈಯಲ್ಲಿ, ಸರವನ್ನು ಇನ್ನೊಂದು ಕೈಯಲ್ಲಿ ಹಿಡಿದು ಜಗ್ಗಿ ನೋಡಿ. ಕೂದಲೆಳೆಯಷ್ಟು ಜಾರಿದರೂ ಕತ್ತರಿಸಿ ಹೊಸ ಲಾಕ್ ಹಾಕಿ. ಒತ್ತಿದ ಲಾಕನ್ನು ಮತ್ತೆ ಒತ್ತಿ ಸರಿಮಾಡುವುದು ವ್ಯರ್ಥ ಸಾಹಸ.

ಇನ್ನೊಂದು ತುದಿ ಬಿಗಿಯುವ ಮೊದಲು ಒಂದೆರಡು ಮಿ.ಮೀ. ಸಡಿಲ ಬಿಡಬೇಕು. ಸರವನ್ನು ಕೊರಳಿನಳತೆಗೆ ಬಾಗಿಸಿ ಹಿಡಿಯಿರಿ. ಮಣಿಗಳು ಒಂದನ್ನೊಂದು ತಳ್ಳಿ ಸೆಟೆದುಕೊಂಡರೆ ಬಿಗಿ ಹೆಚ್ಚಾಯಿತು. ಅಷ್ಟು ಬಿಗಿಯಾದ ಸರ ಕೊನೆಗೆ ತುಂಡಾಗುವುದು ಲಾಕಿನ ಬುಡದಲ್ಲೇ.

ನೈಲಾನ್, ರೇಷ್ಮೆ, ಹತ್ತಿ

ಸಣ್ಣ ಮಣಿ ನೇಯುವವರಿಗೆ ನೈಲಾನ್ ದಾರವೇ ಬೇಕು. ಆರಿ ವರ್ಕ್ ಮಾಡುವವರು ಶುಗರ್ ಬೀಡ್ಸ್ ಅನ್ನುತ್ತಾರಲ್ಲ, ಆ ಬಗೆಯ ಮಣಿಯಲ್ಲಿ ದಾರ ಒಂದೇ ತೂತಿನಲ್ಲಿ ಎರಡು ಮೂರು ಸಲ ಓಡಾಡಬೇಕು. ಹೊಸೆದ ಸಣ್ಣ ನೈಲಾನ್ ದಾರಕ್ಕೆ ಜೇನುಮೇಣ ಸವರಿಕೊಂಡರೆ ಸಿಕ್ಕಾಗುವುದಿಲ್ಲ, ಜುಂಗು ಏಳುವುದಿಲ್ಲ. ಎರಡು ತೋಳು ಚಾಚಿದಷ್ಟು ಉದ್ದಕ್ಕಿಂತ ಹೆಚ್ಚು ಕತ್ತರಿಸಿಕೊಳ್ಳಬೇಡಿ. ದಾರ ಮುಗಿದಾಗ ಹೊಸದು ಸೇರಿಸುವುದಕ್ಕಿಂತ ಸಿಕ್ಕು ಬಿಡಿಸುವುದೇ ದೊಡ್ಡ ತಲೆನೋವು. ಸೂಜಿ 10 ಅಥವಾ 12ನೇ ನಂಬರಿನದು, ನಂಬರ್ ಏರಿದಂತೆ ಸಣ್ಣದಾಗುತ್ತದೆ.

ಮೀನಿನ ಗಾಳಕ್ಕೆ ಕಟ್ಟುವ ಪಾರದರ್ಶಕ ಒಂಟಿ ಎಳೆಯ ನೈಲಾನ್ ಬೇರೆಯೇ ವಸ್ತು. ಸೂಜಿಯಿಲ್ಲದೆ ಪೋಣಿಸಬಹುದು, ಕೈಗೆಟಕುವ ಬೆಲೆ. ಬಾಗಿಲಿಗೆ ಮಣಿ ತೋರಣ, ಗೊಂಬೆ, ತಟ್ಟೆ ಮೇಲೆ ಮುಚ್ಚುವ ಮಣಿಜಾಲರಿ ಇಂಥವಕ್ಕೆ ನಾನು ಅದನ್ನೇ ಒಪ್ಪುತ್ತೇನೆ. ಮೈಮೇಲೆ ಹಾಕುವ ಒಡವೆಗೆ ಒಪ್ಪುವುದಿಲ್ಲ. ಗಂಟು ಜಾರುತ್ತದೆ, ಬಿಸಿಲಿಗೆ ಪೆಡಸಾಗುತ್ತದೆ, ಉಂಡೆಯಲ್ಲಿ ಸುತ್ತಿದ್ದ ಸುರುಳಿಯನ್ನು ಬಿಡಲೊಲ್ಲದು. ಅದೇ ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಹೆಣೆದ ಪಾಲಿಎಥಿಲೀನ್ ದಾರ ಮಾತ್ರ ಬಹಳ ಗಟ್ಟಿ. ಹಿಗ್ಗುವುದಿಲ್ಲ, ಕ್ರಿಸ್ಟಲ್ಲಿನ ಹರಿತ ಅಂಚನ್ನೂ ತಾಳಿಕೊಳ್ಳುತ್ತದೆ. ಒಳ್ಳೆಯ ಕತ್ತರಿ ಅದಕ್ಕೆ ಹಾಕಿದರೆ ಮೊಂಡಾಗುತ್ತದೆ, ಹಳೆಯದೊಂದನ್ನು ಬೇರೆಯೇ ಇಟ್ಟುಕೊಳ್ಳಿ.

ಮುತ್ತಿಗೆ ರೇಷ್ಮೆ. ಇದರಲ್ಲಿ ಚರ್ಚೆಗೆ ಜಾಗ ಕಡಿಮೆ. ಮುತ್ತು ಮೃದು, ತೂತು ಕಿರಿದು, ಲೋಹದ ವೈರ್ ತೂತನ್ನು ಒಳಗಿನಿಂದ ಸವೆಸುತ್ತದೆ. ಪ್ರತಿ ಮುತ್ತಿನ ನಡುವೆ ಒಂದು ಗಂಟು ಹಾಕುವ ಕ್ರಮ ಬರೀ ಅಂದಕ್ಕಲ್ಲ. ಮುತ್ತುಗಳು ಒಂದನ್ನೊಂದು ಉಜ್ಜುವುದಿಲ್ಲ, ದಾರ ಹರಿದರೆ ಬೀಳುವುದು ಒಂದೇ ಮುತ್ತು. 16 ಇಂಚಿನ ಸರದಲ್ಲಿ ಆ ಗಂಟುಗಳೇ ಒಂದೆರಡು ಇಂಚು ಉದ್ದ ಸೇರಿಸುತ್ತವೆ, ಲೆಕ್ಕ ಹಾಕುವಾಗ ಮರೆಯಬೇಡಿ. ಪ್ಲಾಸ್ಟಿಕ್ ಮುತ್ತಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಗೇರ್ ವೈರ್ ಸಾಕು.

ಹತ್ತಿ ದಾರಕ್ಕೆ ಮರದ ಮಣಿ, ಟೆರಾಕೋಟಾ, ರುದ್ರಾಕ್ಷಿ ಹೊಂದುತ್ತವೆ. ನೋಡಲೂ ಚೆಂದ. ಬೆವರು ಹೀರಿ ಕೊಳೆಯಾಗುತ್ತದೆ, ಒಂದು ದಿನ ಮೆತ್ತಗೆ ಹರಿಯುತ್ತದೆ. ಒಳ್ಳೆಯ ಮಾತೆಂದರೆ, ಹತ್ತಿ ಹರಿಯುವ ಮುಂಚೆ ಜುಂಗೆದ್ದು ಸೂಚನೆ ಕೊಡುತ್ತದೆ. ಗೇರ್ ವೈರ್ ಆ ಉಪಕಾರ ಮಾಡುವುದಿಲ್ಲ.

ಈಗ ಮಣಿ: ಗಾಜಿನಲ್ಲೇ ಮೂರು ದರ್ಜೆ

ಗಾಜಿನ ಮಣಿ ನಮಗೆ ಹೊರಗಿನಿಂದ ಬಂದ ಸರಕಲ್ಲ. ಆಂಧ್ರದ ಶ್ರೀಕಾಳಹಸ್ತಿ ಬಳಿಯ ಪಾಪಾನಾಯುಡುಪೇಟೆಯಲ್ಲಿ ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು, ಚೂರು ಕತ್ತರಿಸಿ, ಮತ್ತೆ ಕಾಯಿಸಿ ಅಂಚನ್ನು ದುಂಡಗೆ ಮಾಡುವ ಹಳೆಯ ವಿದ್ಯೆ ಉಳಿದುಬಂದಿದೆ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಎರಡು ಸಾವಿರ ವರ್ಷದ ಹಿಂದೆ ಮಾಡುತ್ತಿದ್ದದ್ದೂ ಇದೇ ಜಾತಿಯ ಮಣಿ. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರದಲ್ಲಿ ಬೆಂಕಿಯ ಮುಂದೆ ಕೂತು ಕಡ್ಡಿಯ ಮೇಲೆ ಗಾಜು ಸುತ್ತಿ ದೊಡ್ಡ ಮಣಿ ಮಾಡುತ್ತಾರೆ. ಕೈಯಲ್ಲಿ ಮಾಡಿದ ಅಂಥ ಮಣಿ ಒಂದರಂತೆ ಒಂದಿರುವುದಿಲ್ಲ. ಸರಕ್ಕೆ ಅದೇ ಸೊಗಸು, ನೇಯ್ಗೆಗೆ ಅದೇ ಶಾಪ.

ಸಣ್ಣ ಗಾಜಿನ ಮಣಿಯನ್ನು 6/0, 8/0, 11/0, 15/0 ಎಂದು ಗುರುತಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಮಣಿ ಚಿಕ್ಕದು. 6/0 ಸುಮಾರು 4 ಮಿ.ಮೀ., 8/0 ಸುಮಾರು 3, 11/0 ಸುಮಾರು 2, 15/0 ಸುಮಾರು ಒಂದೂವರೆ. ಕಲಿಯುವವರಿಗೆ 8/0 ಹಿತ. ಕಣ್ಣಿಗೂ ಶ್ರಮವಿಲ್ಲ, ಕೆಲಸವೂ ಬೇಗ ಸಾಗುತ್ತದೆ.

ಪೊಟ್ಟಣದಲ್ಲಿ ಬರುವ ಮಾಮೂಲಿ ಮಣಿ ತೂಕಕ್ಕೆ ಅಗ್ಗ, ಆದರೆ ಗಾತ್ರ ಏರುಪೇರು, ಕೆಲವಕ್ಕೆ ತೂತೇ ಮುಚ್ಚಿರುತ್ತದೆ. ಹಲವು ಎಳೆ ಹೊಸೆದು ಮಾಡುವ ಸರ, ಕುಚ್ಚು, ರವಿಕೆಯ ಮೇಲಿನ ಕಸೂತಿಗೆ ಇದು ಸಾಕೋ ಸಾಕು. ಏರುಪೇರು ಅಲ್ಲಿ ಕಾಣುವುದೇ ಇಲ್ಲ. ಜೆಕ್ ದೇಶದ ಯಾಬ್ಲೊನೆಟ್ಸ್ ಪಟ್ಟಣದ ಕಡೆಯ ಮಣಿ ನಡುವಿನ ದರ್ಜೆ: ಅಂಚು ನಯ, ಆಕಾರ ಸ್ವಲ್ಪ ಚಪ್ಪಟೆ, ಬಣ್ಣಗಳು ಬಲು ಸುಂದರ. ಜಪಾನಿನ ಹಿರೋಶಿಮಾದ ಮಿಯುಕಿ, ತೋಹೊ ಕಂಪನಿಗಳ ಮಣಿ ಎಲ್ಲಕ್ಕಿಂತ ಸಮ. ಅದರಲ್ಲೂ ಮಿಯುಕಿಯ ಡೆಲಿಕಾ ಪುಟ್ಟ ಕೊಳವೆಯಂತಿದ್ದು, ಗೋಡೆ ತೆಳು, ತೂತು ಅಗಲ. ಇಟ್ಟಿಗೆ ಕಟ್ಟಿದ ಹಾಗೆ ಸಾಲು ಸಾಲಾಗಿ ಕೂರುತ್ತದೆ.

ಅಂಗಡಿಯಲ್ಲಿ "ಜಪಾನ್ ಮಾಲು ಮೇಡಂ" ಎಂದು ಡಬ್ಬದಿಂದ ಚಮಚದಲ್ಲಿ ತೆಗೆದು ಕೊಟ್ಟರೆ ಅಂಗೈ ಮೇಲೆ ಹರಡಿ ನೋಡಿ. ಹತ್ತು ಮಣಿಯನ್ನು ಸೂಜಿಗೆ ಏರಿಸಿ ಬೆಳಕಿಗೆ ಹಿಡಿದರೆ ಸಾಲು ನೇರವಿದೆಯೋ, ಅಂಕುಡೊಂಕೋ ಎಂದು ಆ ಕ್ಷಣವೇ ತಿಳಿಯುತ್ತದೆ. ಅಂಕುಡೊಂಕಾದ ಮಣಿಗೆ ಜಪಾನಿನ ಬೆಲೆ ಕೊಡಬೇಕಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ತಾಪತ್ರಯ ಕಡಿಮೆ, ಅಲ್ಲಿನ ಕರಕುಶಲ ಸಾಮಾನಿನ ಅಂಗಡಿಗಳಲ್ಲಿ ಹೆಸರು, ಬಣ್ಣದ ಸಂಖ್ಯೆ ಸಮೇತ ಸೀಸೆಗಳಲ್ಲಿ ಸಿಗುತ್ತವೆ.

ಯಾವ ದರ್ಜೆಯದಾದರೂ ಬಣ್ಣ ಗಟ್ಟಿಯೇ ಎಂದು ನೋಡಿಕೊಳ್ಳಿ. ಕಡುಗುಲಾಬಿ, ನೇರಳೆ ಮಣಿಗಳಲ್ಲಿ ಗಾಜಿಗೆ ಮೇಲಿನಿಂದ ಬಣ್ಣ ಹಾಕಿರುವುದು ಸಾಮಾನ್ಯ. ನಾಲ್ಕೈದು ಮಣಿಯನ್ನು ಉಗುರುಬಣ್ಣ ತೆಗೆಯುವ ದ್ರವದಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಿಳಿ ಬಟ್ಟೆಗೆ ಉಜ್ಜಿ. ಇನ್ನು ನಾಲ್ಕನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಎರಡರಲ್ಲೂ ಗೆದ್ದ ಮಣಿ ಬೆವರಿಗೂ ಸುಲಭಕ್ಕೆ ಜಗ್ಗುವುದಿಲ್ಲ.

ಪ್ಲಾಸ್ಟಿಕ್ಕನ್ನು ಕೀಳಾಗಿ ನೋಡಬೇಡಿ

ಅಕ್ರಿಲಿಕ್ ಎಂದರೆ ಮೂಗು ಮುರಿಯುವವರು ಓಲೆ ಮಾಡುವಾಗ ಒಮ್ಮೆ ತಕ್ಕಡಿ ನೋಡಲಿ. ಒಂದೇ ಗಾತ್ರದಲ್ಲಿ ಗಾಜು ಅಕ್ರಿಲಿಕ್ಕಿನ ಎರಡರಷ್ಟು ತೂಗುತ್ತದೆ. 12 ಮಿ.ಮೀ.ನ ಗಾಜಿನ ಗುಂಡು ಎರಡು ಗ್ರಾಂ ದಾಟುತ್ತದೆ, ಅದೇ ಅಳತೆಯ ಅಕ್ರಿಲಿಕ್ ಒಂದು ಗ್ರಾಂ ಆಸುಪಾಸು. ಗಾಜಿನ ಅಂಥ ಐದು ಗುಂಡು ಇಳಿಬಿಟ್ಟರೆ ಒಂದು ಕಿವಿಗೆ 11 ಗ್ರಾಂ ಭಾರ, ಸಂಜೆಯೊಳಗೆ ಕಿವಿಯ ತೂತು ಉರಿಯುತ್ತದೆ. ದೊಡ್ಡ ಜುಮುಕಿ, ಜೋಲುವ ಓಲೆಗೆ ಅಕ್ರಿಲಿಕ್ ಇಲ್ಲವೇ ಮರವೇ ಸರಿ. ಮಕ್ಕಳ ಸರಕ್ಕೂ ಸರಿ, ಬಿದ್ದರೆ ಒಡೆಯುವುದಿಲ್ಲ.

ಗಾಜೆಂದು ಹೇಳಿ ಪ್ಲಾಸ್ಟಿಕ್ ಮಾರುವುದೂ ಇದೆ. ಕೆನ್ನೆಗೆ ಮುಟ್ಟಿಸಿದರೆ ಗಾಜು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಇರುವುದಿಲ್ಲ. ಅಚ್ಚಿನಲ್ಲಿ ತೆಗೆದ ಮಣಿಯ ನಡುವೆ ಸಣ್ಣ ಗೀರು ಸುತ್ತಿಕೊಂಡಿರುತ್ತದೆ, ಉಗುರಿಗೆ ಸಿಗುತ್ತದೆ. ಚಿನ್ನದ ಲೇಪದ ಪ್ಲಾಸ್ಟಿಕ್ ಗುಂಡನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಲೇಪ ಮೊದಲು ಹೋಗುವುದು ತೂತಿನ ಬಾಯಲ್ಲಿ, ಅಲ್ಲಿಂದ ಬಿಳಿ ಬಣ್ಣ ಹಣಕುತ್ತದೆ.

ಮರ ಮತ್ತು ಮಣ್ಣು

ಚನ್ನಪಟ್ಟಣದವರು ಗೊಂಬೆ ಮಾತ್ರ ಮಾಡುವುದಿಲ್ಲ, ಮಣಿ, ಬಳೆಯನ್ನೂ ಮಾಡುತ್ತಾರೆ. ಬಿಳಿಚು ಹಾಲೆ ಮರದ ತುಂಡು ಚರಕಿಯ ಮೇಲೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಕೇದಿಗೆಯ ಗರಿ ಒತ್ತಿ ಹೊಳಪು ಕೊಡುತ್ತಾರೆ. ಆ ಹೊಳಪು ಬಣ್ಣದ ಡಬ್ಬಿಯಿಂದ ಬರುವಂಥದ್ದಲ್ಲ. ತೂಕ ಇಲ್ಲವೇ ಇಲ್ಲ, ದೊಡ್ಡ ಗುಂಡುಗಳ ಸರವನ್ನು ಹಾಕಿಕೊಂಡದ್ದೇ ಮರೆತುಹೋಗುತ್ತದೆ.

ಒಂದೇ ಎಚ್ಚರ: ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಂಟಾಗಬಹುದು, ಸೆಂಟು ಬಿದ್ದ ಕಡೆ ಹೊಳಪು ಹೋಗುತ್ತದೆ. ಹಾಗಾಗಿ ಮೇಲೆ ಹೇಳಿದ ಉಗುರುಬಣ್ಣ ದ್ರವದ ಪರೀಕ್ಷೆ ಗಾಜಿಗೆ ಮಾತ್ರ, ಇದಕ್ಕೆ ಬೇಡವೇ ಬೇಡ. ನೀರಿನಲ್ಲಿ ನೆನೆಸುವುದೂ ಬೇಡ. ದಾರ ಹತ್ತಿಯದೋ ರೇಷ್ಮೆಯದೋ ಇರಲಿ, ಗೇರ್ ವೈರಿನಲ್ಲಿ ಇಷ್ಟು ಹಗುರದ ಮಣಿ ಇಳಿಬೀಳದೆ ಕೊರಳಿನಿಂದ ದೂರ ನಿಲ್ಲುತ್ತದೆ.

ಮಣಿಯನ್ನೂ ತಾವೇ ಮಾಡಬೇಕೆನ್ನುವವರಿಗೆ ಟೆರಾಕೋಟಾ (ಸುಟ್ಟ ಜೇಡಿಮಣ್ಣು) ಮತ್ತು ಪಾಲಿಮರ್ ಕ್ಲೇ (ಜೇಡಿಯಂತೆ ಮೆತ್ತಗಿರುವ ಪ್ಲಾಸ್ಟಿಕ್ ಹಿಟ್ಟು) ಎರಡು ದಾರಿ. ಜೇಡಿಮಣ್ಣು ಅಗ್ಗ, ಆದರೆ ಪೂರ್ತಿ ಒಣಗದ ಮಣಿ ಬೆಂಕಿಯಲ್ಲಿ ಸಿಡಿಯುತ್ತದೆ. ಒಣಗುವಾಗ, ಸುಡುವಾಗ ಮಣ್ಣು ಕುಗ್ಗುತ್ತದೆ, ತೂತೂ ಕಿರಿದಾಗುತ್ತದೆ, ಮೊದಲೇ ಸ್ವಲ್ಪ ಅಗಲ ಮಾಡಿರಬೇಕು. ಪಾಲಿಮರ್ ಕ್ಲೇ ದುಬಾರಿ, ಆದರೆ ಮನೆಯ ಓಟಿಜಿ ಓವನ್‌ನಲ್ಲೇ ಸುಮಾರು 130 ಡಿಗ್ರಿ ಸೆಲ್ಸಿಯಸ್ ಒಳಗೆ ಬೇಯುತ್ತದೆ, ಗಟ್ಟಿಯಾಗಿ ಬರುತ್ತದೆ. ಪೊಟ್ಟಣದ ಮೇಲಿರುವ ಉಷ್ಣಾಂಶ ದಾಟಿಸಬೇಡಿ, ಸುಟ್ಟರೆ ಬರುವ ಹೊಗೆ ಒಳ್ಳೆಯದಲ್ಲ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಇದೇ ವಾಸಿ. ಅಂಗಳ, ಹೊಟ್ಟು, ಬೆರಣಿ ಸಿಗುವವರು ಮಣ್ಣನ್ನೇ ಹಿಡಿಯಲಿ.

ಪೋಣಿಸುವುದೋ, ಕೊಂಡಿ ಹಾಕುವುದೋ, ನೇಯುವುದೋ

ಪೋಣಿಸುವುದು ಒಂದು ಸಂಜೆಯ ಕೆಲಸ. ಲೆಕ್ಕ ಸುಲಭ: ಒಂದು ಇಂಚಿಗೆ 4 ಮಿ.ಮೀ. ಮಣಿ ಆರು ಚಿಲ್ಲರೆ, 6 ಮಿ.ಮೀ. ನಾಲ್ಕು ಚಿಲ್ಲರೆ, 8 ಮಿ.ಮೀ. ಮೂರು ಚಿಲ್ಲರೆ. 16 ಇಂಚಿನ ಸರಕ್ಕೆ ಕ್ರಮವಾಗಿ ಸುಮಾರು 100, 68, 50 ಮಣಿ. ಕೊಳ್ಳುವಾಗ ಹತ್ತು ಹೆಚ್ಚಿಗೆ ಇರಲಿ.

ಒಂದೊಂದು ಮಣಿಗೂ ಐ ಪಿನ್ (ಒಂದು ತುದಿಯಲ್ಲಿ ಸುತ್ತಿರುವ ತಂತಿ ತುಂಡು) ಹಾಕಿ, ದುಂಡು ಮೂತಿಯ ಇಕ್ಕಳದಿಂದ ತುದಿ ಸುತ್ತಿ ಸರಪಳಿ ಮಾಡುವುದು ಇನ್ನೊಂದು. ಮಣಿ ಕಡಿಮೆ ಸಾಕು, ಹರಿತ ಅಂಚಿನ ಕ್ರಿಸ್ಟಲ್‌ಗೆ ದಾರದ ಚಿಂತೆಯಿಲ್ಲ, ಒಂದು ಕೊಂಡಿ ಬಿಚ್ಚಿದರೆ ಅದೊಂದನ್ನೇ ಸರಿಮಾಡಬಹುದು. ಕೂದಲು, ಸೀರೆಯ ಜರಿ ಸಿಕ್ಕಿಕೊಳ್ಳುವುದೇ ಇದರ ದೋಷ. ಸುತ್ತಿನ ಬಾಯಿ ಪೂರ್ತಿ ಮುಚ್ಚಿದ್ದರೆ ಅದೂ ಇಲ್ಲ. ಜಂಪ್ ರಿಂಗ್ (ಕೊಂಡಿ ಜೋಡಿಸುವ ಸೀಳುಬಾಯಿಯ ಸಣ್ಣ ಉಂಗುರ) ತೆರೆಯುವಾಗ ಬಾಯಿ ಅಗಲಿಸಬೇಡಿ. ಒಂದು ತುದಿ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಚಿ, ಹಾಗೇ ವಾಪಸು ತನ್ನಿ. ಇಲ್ಲದಿದ್ದರೆ ಉಂಗುರದ ದುಂಡೇ ಹೋಗುತ್ತದೆ.

ನೇಯ್ಗೆಗೆ ಪುರುಸೊತ್ತು ಬೇಕು. ಒಂದಿಂಚು ಅಗಲ, ಏಳಿಂಚು ಉದ್ದದ ಡೆಲಿಕಾ ಪಟ್ಟಿಗೆ ಸುಮಾರು 2000 ಮಣಿ ಬೇಕು, ತೂಕದಲ್ಲಿ ಬರೀ 10 ಗ್ರಾಂ. ಮಣಿಯ ಖರ್ಚಿಗಿಂತ ಸಮಯದ ಖರ್ಚು ದೊಡ್ಡದು. ಹೊಸಬರು ಪಟ್ಟಿಯ ಬದಲು ಪುಟ್ಟ ಓಲೆಯಿಂದ ಆರಂಭಿಸಿದರೆ ಅರ್ಧಕ್ಕೆ ಬಿಟ್ಟ ಕೆಲಸ ಕಪಾಟು ಸೇರುವುದಿಲ್ಲ.

ಕಿವಿಗೆ ಹಾಕುವ ಲೋಹ

ಮಣಿಗೆ ಹಣ ಸುರಿದು ಓಲೆಯ ಕೊಕ್ಕೆಗೆ ಜಿಪುಣತನ ಮಾಡುವುದು ನನಗೆ ಅರ್ಥವಾಗದ ಸಂಗತಿ. ಜರ್ಮನ್ ಸಿಲ್ವರ್ ಎಂದರೆ ಬೆಳ್ಳಿಯಿಲ್ಲದ ಲೋಹ: ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. ಕಿವಿ ತುರಿಸಿ, ಕೆಂಪಾಗಿ, ನೀರು ಒಸರುವವರಲ್ಲಿ ಹೆಚ್ಚಿನವರಿಗೆ ಆಗದಿರುವುದು ಈ ನಿಕ್ಕಲ್. ಯುರೋಪ್ ಒಕ್ಕೂಟ 1994ರಲ್ಲೇ ಒಡವೆಗಳಿಂದ ಬಿಡುಗಡೆಯಾಗುವ ನಿಕ್ಕಲ್‌ಗೆ ಮಿತಿ ಹಾಕಿತು. ಲೇಪ ಹಾಕಿದ ಕೊಕ್ಕೆಯಲ್ಲಿ ಲೇಪ ಸವೆಯುವ ತನಕ ನೆಮ್ಮದಿ, ಆಮೇಲೆ ಕೆಳಗಿನ ಲೋಹ ಚರ್ಮಕ್ಕೆ ತಾಗುತ್ತದೆ. ಚರ್ಮ ಸೂಕ್ಷ್ಮವಿದ್ದವರಿಗೆ ನಿಜವಾದ ಬೆಳ್ಳಿ, ಟೈಟಾನಿಯಂ ಅಥವಾ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್. ಸ್ಟೀಲಿನಲ್ಲೂ ನಿಕ್ಕಲ್ ಇದೆ, ಆದರೆ ಅದು ಹೊರಗೆ ಬಿಡುವುದು ತೀರ ಕಡಿಮೆ. ಕೊರಳ ಸರದ ಹಿಂಭಾಗಕ್ಕೆ ಲೋಹವೇ ಬೇಡವೆನಿಸಿದರೆ ಕುಚ್ಚಿರುವ ನೂಲಿನ ಹುರಿ, ಅಂದರೆ ದೋರಿ ಇದೆ. ಉದ್ದ ಬೇಕಾದಂತೆ ಎಳೆದುಕೊಳ್ಳಬಹುದು, ಯಾರ ಕತ್ತಿಗೂ ಆಗುತ್ತದೆ, ಉಡುಗೊರೆ ಕೊಡುವವರಿಗೆ ಬಹಳ ಅನುಕೂಲ.

ಕರಿಮಣಿ, ಹವಳ: ಮನೆಯ ಹಳೆಯ ಸರ

ಮಣಿ ಕೆಲಸ ಕಲಿತ ಮನೆಯವರ ಕೈಗೆ ಮೊದಲು ಬರುವುದು ಅಜ್ಜಿಯ ಹವಳದ ಸರವೋ ಅತ್ತೆಯ ಕರಿಮಣಿಯೋ. ಹೊಸ ಸರದ ನಿಯಮ ಇಲ್ಲಿ ನಡೆಯುವುದಿಲ್ಲ.

ದಿನವಿಡೀ, ನಿದ್ದೆಯಲ್ಲೂ ಕೊರಳಲ್ಲಿರುವ ಕರಿಮಣಿಗೆ ನನ್ನ ಮತ ಗಟ್ಟಿ ನೈಲಾನ್ ದಾರಕ್ಕೆ. ಗೇರ್ ವೈರ್ ಮಲಗಿದಾಗ ಒಂದೇ ಕಡೆ ಮಡಿಚಿ ಮಡಿಚಿ ಲಾಕಿನ ಹತ್ತಿರ ಸೋಲುತ್ತದೆ. ಇನ್ನೊಂದು ಕಾರಣವೂ ಇದೆ. ಮಗು ಜಗ್ಗಿದರೆ, ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡರೆ, ಸರಗಳ್ಳ ಎಳೆದರೆ ದಾರವಾದರೆ ಹರಿಯುತ್ತದೆ, ಉಕ್ಕಿನ ವೈರ್ ಕತ್ತನ್ನು ಕೊಯ್ಯುತ್ತದೆ. ಮಣಿ ಹೋದರೆ ಹೋಗಲಿ. ಮುಖ ಕೊರೆದ ಕಪ್ಪು ಕ್ರಿಸ್ಟಲ್ ಹಾಕಿಸಿದ್ದರೆ ಹತ್ತಿ ದಾರ ಬೇಡ, ಹೆಣೆದ ಪಾಲಿಎಥಿಲೀನ್ ಬಳಸಿ, ಅದು ಸುಲಭಕ್ಕೆ ಹರಿಯದೆಂಬ ಎಚ್ಚರ ಮಾತ್ರ ಇರಲಿ. ದುಂಡು ಗಾಜಿನ ಹಳೆಯ ಕರಿಮಣಿಗೆ ಅಷ್ಟು ಬಿಗುವು ಬೇಕಿಲ್ಲ.

ಹವಳ ಮುತ್ತಿನ ಹಾಗೆಯೇ ಮೃದು. ನಿಂಬೆರಸ, ವಿನೆಗರ್ ತಾಗಿದರೆ ಮೇಲ್ಮೈ ಸತ್ತುಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸರದ ನಡುವೆ ಚಿನ್ನದ ಗುಂಡು ಇದ್ದರೆ ಇನ್ನಷ್ಟು ಜೋಪಾನ: ಉತ್ತರ ಕರ್ನಾಟಕದ ಬೋರಮಾಳ, ಕೊಡಗಿನ ಜೋಮಾಲೆಯಂಥವುಗಳಲ್ಲಿ ತೆಳು ಚಿನ್ನದೊಳಗೆ ಅರಗು ತುಂಬಿರುತ್ತಾರೆ. ಬಿಸಿನೀರಿಗೆ ಹಾಕಿದರೆ ಒಳಗಿನ ಅರಗು ಮೆತ್ತಗಾಗಿ ಗುಂಡು ತಗ್ಗುತ್ತದೆ. ಬಿಚ್ಚುವ ಮುಂಚೆ ಸರವನ್ನು ಉದ್ದಕ್ಕೆ ಮಲಗಿಸಿ ಫೋಟೊ ತೆಗೆದುಕೊಳ್ಳಿ. ಹಳೆಯ ಹವಳಗಳು ನಡುವೆ ದಪ್ಪ, ಬದಿಗೆ ಸಣ್ಣ ಎಂದು ಇಳಿಕ್ರಮದಲ್ಲಿರುತ್ತವೆ, ಒಮ್ಮೆ ಕಲಸಿದರೆ ಮತ್ತೆ ಜೋಡಿಸುವುದು ಅರ್ಧ ದಿನದ ಕೆಲಸ. ದಪ್ಪ ಟವೆಲ್ ಹಾಸಿದ ತಟ್ಟೆಯ ಮೇಲೇ ಕತ್ತರಿ ಹಾಕಿ. ಚಿನ್ನ ಹೆಚ್ಚಿದ್ದರೆ ನಾನಂತೂ ಚಿನ್ನದಂಗಡಿ ಬೀದಿಯಲ್ಲಿ ಸರ ಕಟ್ಟಿಕೊಡುವವರ ಕೈಗೇ ಕೊಡಿ ಅನ್ನುತ್ತೇನೆ, ಎದುರಿಗೇ ಕೂತು ಮಾಡಿಸಿಕೊಳ್ಳಿ.

ಮಕ್ಕಳಿಗೆ, ಮಾರಾಟಕ್ಕೆ

ಮೂರು ವರ್ಷದೊಳಗಿನ ಮಕ್ಕಳಿಗೆ ಮಣಿಯ ಒಡವೆಯೇ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ. ಸ್ವಲ್ಪ ದೊಡ್ಡವರಿಗೆ ಮರ, ಅಕ್ರಿಲಿಕ್, ಹತ್ತಿ ದಾರ. ಆಯಸ್ಕಾಂತದ ಕೊಕ್ಕೆ ಹಾಕಲು ಸುಲಭ ನಿಜ, ಆದರೆ ಎರಡು ಆಯಸ್ಕಾಂತ ನುಂಗಿದರೆ ಕರುಳಿಗೆ ಅಪಾಯ. ಮಕ್ಕಳಿರುವ ಮನೆಗೆ ಅದನ್ನು ತರಬೇಡಿ.

ಮಾರುವ ಯೋಚನೆಯಿದ್ದರೆ ಒಂದೇ ವಿನ್ಯಾಸಕ್ಕೆ ಬೇಕಾದ ಮಣಿಯನ್ನೆಲ್ಲ ಒಂದೇ ಸಲ, ಒಂದೇ ಗೊಂಚಲಿನಿಂದ ತನ್ನಿ. ಮುಂದಿನ ತಿಂಗಳು ಬರುವ "ಅದೇ ಕೆಂಪು" ಅದೇ ಕೆಂಪಾಗಿರುವುದಿಲ್ಲ. ಎಲಾಸ್ಟಿಕ್ ಬ್ರೇಸ್ಲೆಟ್ ಮಾರಿದರೆ ಜೊತೆಗೆ ನಾಲ್ಕು ಮಣಿ ಹೆಚ್ಚಿಗೆ ಕಟ್ಟಿ ಕೊಡಿ, ಹರಿದಾಗ ಅವರು ನಿಮ್ಮ ಹತ್ತಿರವೇ ಬರುತ್ತಾರೆ.

ಮೊದಲ ಸಲ ಸಾಮಾನು ತರುವವರಿಗೆ ಇಷ್ಟು ಸಾಕು: ದುಂಡು ಮೂತಿಯದೊಂದು, ಚಪ್ಪಟೆ ಮೂತಿಯದೊಂದು ಇಕ್ಕಳ, ಒಂದು ಸಣ್ಣ ಕಟ್ಟರ್, 0.38 ಮಿ.ಮೀ. ಗೇರ್ ವೈರ್ ಒಂದು ಉರುಳೆ, 2 ಮಿ.ಮೀ. ಗೇರ್ ಲಾಕ್ ಒಂದು ಪೊಟ್ಟಣ, ಕೊಕ್ಕೆ ಮತ್ತು ಜಂಪ್ ರಿಂಗ್ ಸ್ವಲ್ಪ, 6 ಮಿ.ಮೀ. ನಯ ಅಂಚಿನ ಗಾಜಿನ ಮಣಿ ಎರಡು ಎಳೆ. ವೈರ್ ಕತ್ತರಿಸಲು ಮನೆಯ ಕತ್ತರಿ ಎತ್ತಿಕೊಳ್ಳಬೇಡಿ. ಮೊಂಡಾದ ಕತ್ತರಿ ಅಡುಗೆಮನೆಯಲ್ಲಿ ಹಾಲಿನ ಪ್ಯಾಕೆಟ್ಟಿಗೂ ಬಾರದೆ ಹೋಗುತ್ತದೆ.